ಬಟನ್ ಒತ್ತಿಹಿಡಿಯೋಕೆ ಯಾವುದು ವಾಸಿ: ಟೇಪೋ, ರಬ್ಬರ್ ಬ್ಯಾಂಡೋ, ಕ್ಲಾಂಪೋ?

ಹ್ಯಾಂಡ್ ಬ್ಲೆಂಡರ್ ಬಟನ್ ಬೆರಳು ತೆಗೆದ ಕೂಡಲೇ ಆಫ್ ಆಗುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ವ್ಯಾಕ್ಯೂಮ್ ಕ್ಲೀನರ್‌ಗಳಲ್ಲೂ ಕೆಲವು ಹೀಗೇ. ಒಳಗಿನ ಸ್ಪ್ರಿಂಗ್ ಬಟನ್ನನ್ನು ವಾಪಸ್ ತಳ್ಳುತ್ತಲೇ ಇರುತ್ತದೆ. ಒಂದು ಸೋಫಾ ಪೂರ್ತಿ ಧೂಳು ಹೊಡೆಯುವಷ್ಟರಲ್ಲಿ ಹೆಬ್ಬೆರಳು ಜೋಮು ಹಿಡಿಯುತ್ತದೆ. ಅದಕ್ಕೇ ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಈ ಎರಡರ ಮೇಲೂ ಕಟ್ಟಿ ನೋಡಿದೆ.

ಎಲ್ಲರ ಕೈಯೂ ಮೊದಲು ಹೋಗೋದು ಟೇಪಿಗೆ. ಕರೆಂಟ್ ಕೆಲಸದ ಇನ್ಸುಲೇಷನ್ ಟೇಪ್ ಇದಕ್ಕೆ ಆಗಿಬರಲ್ಲ. ಅದು ಹಿಗ್ಗುವ ಜಾತಿ. ಮೋಟಾರ್ ಬಿಸಿಯಾದಂತೆ ಅಂಟೂ ಸಡಿಲವಾಗಿ, ಬಟನ್ ಕೂದಲೆಳೆಯಷ್ಟು ಮೇಲೆದ್ದು ಮೋಟಾರ್ ತೊದಲಲು ಶುರುಮಾಡುತ್ತದೆ. ಇದು ಸುಮ್ನೆ ಕಿರಿಕಿರಿ ಅಷ್ಟೇ ಅಲ್ಲ. ಅರ್ಧ ಒತ್ತಿದ ಸ್ವಿಚ್ಚಿನೊಳಗೆ ಕಿಡಿ ಹಾರಿ ಕಾಂಟ್ಯಾಕ್ಟ್, ಅಂದರೆ ಕರೆಂಟ್ ಹಾಯಿಸುವ ಲೋಹದ ತುದಿ, ಸುಟ್ಟುಹೋಗಬಹುದು. ಬಟ್ಟೆ ಹೆಣೆದ ಡಕ್ಟ್ ಟೇಪ್ ಹಿಗ್ಗಲ್ಲ, ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಕಿತ್ತ ಮೇಲೆ ಉಳಿಯುವ ಅಂಟು ಉಜ್ಜೋದೇ ಒಂದು ದೊಡ್ಡ ಕೆಲಸ.

ರಬ್ಬರ್ ಬ್ಯಾಂಡ್ ನನಗೆ ಇಷ್ಟವಾಯಿತು, ಆದರೆ ಬರೀ ಬ್ಯಾಂಡ್ ಸುತ್ತಿದರೆ ಸಾಲದು. ಬಟನ್ ಮೈಮಟ್ಟಕ್ಕೇ ಇದ್ದರೆ ಬ್ಯಾಂಡ್ ಸುತ್ತಲಿನ ಅಂಚಿನ ಮೇಲೆ ಕೂರುತ್ತದೆ, ಬಟನ್ ಮೇಲೆ ಭಾರ ಬೀಳೋದೇ ಇಲ್ಲ. ಪೆನ್ಸಿಲ್ ಅಳಿಸುವ ರಬ್ಬರನ್ನು ಬಟನ್ನಿಗಿಂತ ತುಸು ಚಿಕ್ಕದಾಗಿ ಕತ್ತರಿಸಿ, ಅಂಚಿಗಿಂತ ಎತ್ತರ ಬರುವಂತೆ ಇಟ್ಟು, ಅದರ ಮೇಲೆ ಬ್ಯಾಂಡ್ ಎರಡು ಸುತ್ತು ಹಾಕಿ. ಬಾಟಲಿ ಮುಚ್ಚಳವನ್ನೂ ಇಟ್ಟು ನೋಡಿದೆ. ಮೋಟಾರಿನ ನಡುಕಕ್ಕೆ ಅದು ಜಾರಿಕೊಂಡು ಹೋಗುತ್ತದೆ, ರಬ್ಬರ್ ತುಂಡು ಕಚ್ಚಿಕೊಂಡು ಕೂರುತ್ತದೆ. ಒಂದೇ ಕೊರತೆ, ಹಳೇ ಬ್ಯಾಂಡ್ ಯಾವಾಗ ಪಟ್ಟಂತ ಹರಿಯುತ್ತೋ ಹೇಳೋಕಾಗಲ್ಲ.

ಬಟ್ಟೆ ಒಣಹಾಕುವ ಕ್ಲಿಪ್ಪಿನ ಬಾಯಿ ಹಿಡಿಕೆಯಷ್ಟು ಅಗಲ ತೆರೆಯಲ್ಲ. ಬಡಗಿಯ ಸಿ-ಕ್ಲಾಂಪ್ ಅಲ್ಲಾಡದೆ ನಿಲ್ಲುತ್ತದೆ, ನಿಜ. ಆದರೆ ತಿರುಪು ಒಂದೆಳೆ ಜಾಸ್ತಿಯಾದರೆ ಪ್ಲಾಸ್ಟಿಕ್ ಚಿಟ್ಟೆನ್ನುತ್ತದೆ, ಜೊತೆಗೆ ಕೈಗೂ ಭಾರ. ಬಟನ್ ಸಂದಿಗೆ ಟೂತ್‌ಪಿಕ್ ಸಿಗಿಸೋದಂತೂ ಬೇಡವೇ ಬೇಡ. ಮುರಿದ ತುಂಡು ಒಳಗೆ ಬಿದ್ದರೆ ಬಟನ್ ಮೇಲೆ ಬರೋದೂ ನಿಲ್ಲಬಹುದು.

ಹಿಡಿತದಲ್ಲಿ ಕೇಬಲ್ ಟೈಗೆ, ಅಂದರೆ ಒಮ್ಮೆ ಬಿಗಿದರೆ ಕತ್ತರಿಸಿಯೇ ತೆಗೆಯಬೇಕಾದ ಪ್ಲಾಸ್ಟಿಕ್ ಪಟ್ಟಿಗೆ, ಸಾಟಿಯಿಲ್ಲ. ಆದರೂ ನಾನು ಅದಕ್ಕೆ ಕೊನೇ ಸ್ಥಾನ ಕೊಡುತ್ತೇನೆ. ವ್ಯಾಕ್ಯೂಮ್ ಒಳಗೆ ಕರ್ಟನ್ ತುದಿ ಎಳೆದುಕೊಂಡರೆ ಕತ್ತರಿ ಹುಡುಕುತ್ತಾ ಓಡಬೇಕಾ? ಮೊದಲ ನಂಬರ್ ವೆಲ್ಕ್ರೋ ಪಟ್ಟಿಗೆ, ವೈರ್ ಸುತ್ತಿಡಲು ಬಳಸುತ್ತಾರಲ್ಲ, ಅದೇ. ಅಳಿಸುವ ರಬ್ಬರಿನ ತುಂಡು ಇದರಡಿಗೂ ಬೇಕು. ಬೇಕಾದಷ್ಟೇ ಬಿಗಿಯಬಹುದು, ಅಂಟಿನ ರಗಳೆ ಇಲ್ಲ, ತುದಿ ಹಿಡಿದೆಳೆದರೆ ಚರ್ರಂತ ಬಿಚ್ಚಿಕೊಂಡು ಮೋಟಾರ್ ನಿಲ್ಲುತ್ತದೆ.

ಯಾವುದನ್ನೇ ಕಟ್ಟಿ, ಬ್ಲೆಂಡರ್ ಮೈಮೇಲಿನ ಚೀಟಿ ಒಮ್ಮೆ ಓದಿ. ಕೆಲವದರಲ್ಲಿ ‘ಕೆಬಿ 1 ನಿಮಿಷ’ ಅಂತಿರುತ್ತದೆ. ಅಂದರೆ ಒಂದೇ ಸಮ ಓಡಿಸಲು ಅಷ್ಟೇ ಹೊತ್ತು, ಆಮೇಲೆ ತಣ್ಣಗಾಗಲು ಬಿಡಬೇಕು. ಬೆರಳಿಗಾದರೆ ಬಿಸಿ ಗೊತ್ತಾಗುತ್ತದೆ, ಪಟ್ಟಿಗೆ ಗೊತ್ತಾಗಲ್ಲ. ಕರೆಂಟ್ ಹೋಗಿ ಬಂದರೂ ಅಷ್ಟೇ, ಬಟನ್ ಒತ್ತಿದಂತೇ ಇರುವುದರಿಂದ ಬ್ಲೇಡ್ ತಾನಾಗಿ ತಿರುಗಲು ಶುರುವಾಗುತ್ತದೆ. ಹಾಗಾಗಿ ಪಟ್ಟಿ ಬಿಗಿಯುವಾಗ ಪ್ಲಗ್ ಹೊರಗಿರಲಿ, ಬ್ಲೇಡ್ ಪಾತ್ರೆಯೊಳಗಿರಲಿ, ಬ್ಲೆಂಡರ್ ಬಿಟ್ಟು ಆಚೆ ಹೋಗಬೇಡಿ. ಆಂಗಲ್ ಗ್ರೈಂಡರ್, ಗರಗಸದ ಮಷೀನು, ಮೈಕ್ರೋವೇವ್ ಬಾಗಿಲಿನ ಸ್ವಿಚ್ಚು, ಎರಡು ಬಟನ್ ಒಟ್ಟಿಗೆ ಒತ್ತಬೇಕಾದ ಬ್ಲೆಂಡರ್, ಇವುಗಳ ತಂಟೆಗೆ ನಾನು ಹೋಗಿಲ್ಲ, ಹೋಗೋದೂ ಇಲ್ಲ. ಅಲ್ಲೆಲ್ಲ ಆ ಸ್ವಿಚ್ ಇರೋದೇ ಅಪಾಯ ತಪ್ಪಿಸೋಕೆ.