ದಾವಣಗೆರೆಯ ನಿಟುವಳ್ಳಿಯಲ್ಲಿ ಫೈಬರ್ ಇಂಟರ್‌ನೆಟ್: ಎಂಟು ತಿಂಗಳು ಬಳಸಿದ ಮೇಲೆ

ಮದುವೆ ವಿಡಿಯೊ ಸಂಕಲನ ನನ್ನ ಕಸುಬು. ಮೊದಲೆಲ್ಲ ಹಾರ್ಡ್ ಡಿಸ್ಕನ್ನು ರಾತ್ರಿ ಬಸ್ಸಿನವರ ಕೈಗೆ ಕೊಟ್ಟು ಬೆಂಗಳೂರಿಗೆ ಕಳಿಸುತ್ತಿದ್ದೆ. ಈ ಕಂಪನಿಯ (ಹೆಸರು ಬೇಡ) 200 ಎಂಬಿಪಿಎಸ್ ಸಂಪರ್ಕ ಬಂದ ಮೇಲೆ 40 ಜಿಬಿಯ ಮದುವೆ ಅರ್ಧ ಗಂಟೆಯಲ್ಲಿ ಊರು ಸೇರುತ್ತಿತ್ತು. ಐದು ತಿಂಗಳು ದೂರೇ ಇರಲಿಲ್ಲ.

ಆರನೆಯ ತಿಂಗಳು, ಶ್ರಾವಣದ ಮದುವೆಗಳ ನಡುವೆಯೇ, ಮನೆಯೊಳಗೆ ಫೈಬರ್ ಬಂದು ಸೇರುವ ಪೆಟ್ಟಿಗೆಯ ಕೆಂಪು ದೀಪ ಮಿಟುಕತೊಡಗಿತು. ಸಹಾಯವಾಣಿಯಾಕೆ, "ಮೇಡಂ, ನಿಮ್ಮ ಏರಿಯಾದ ಫೈಬರ್ ತುಂಬಿಹೋಗಿದೆ. ಹೊಸ ಕೇಬಲ್ ಎಳೆಯಬೇಕು, 1,500 ರೂಪಾಯಿ" ಎಂದರು. ತುಂಬಿಹೋಗಲು ಅದೇನು ಮಂಡಕ್ಕಿ ಚೀಲವೇ? 2024ರಲ್ಲಿ ಜಪಾನಿನ ಸರ್ಕಾರಿ ಸಂವಹನ ಸಂಶೋಧನಾ ಸಂಸ್ಥೆ ಎನ್‌ಐಸಿಟಿಯ ಸಂಶೋಧಕರು ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಫೈಬರಿನ 50 ಕಿ.ಮೀ. ಉದ್ದದಲ್ಲೇ ಸೆಕೆಂಡಿಗೆ 402 ಟೆರಾಬಿಟ್ ಹರಿಸಿದರು. ಫೈಬರಿನೊಳಗಿನ ಗಾಜು ಹಳೆಯ ಬಗೆಯದೇ. ರೂಢಿಯಲ್ಲಿಲ್ಲದ ತರಂಗಾಂತರಗಳಲ್ಲೂ ಬೆಳಕು ಬಿಟ್ಟು, ಒಂದೊಂದಕ್ಕೂ ತಕ್ಕ ವರ್ಧಕಗಳನ್ನು ಜೋಡಿಸಿದ್ದರು. ನಮ್ಮ ಬೀದಿಯ ಜಿಪಾನ್‌ನಲ್ಲಿ (ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ) ಇರುವುದು ಎರಡೇ ತರಂಗಾಂತರ: ಬರಲು 1490 ನ್ಯಾನೊಮೀಟರ್, ಹೋಗಲು 1310. ಬರುವ ಎರಡೂವರೆ ಗಿಗಾಬಿಟ್ಟನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಹೋಗುವ ದಾರಿ ಅದರ ಅರ್ಧ, ನನ್ನಂಥವರಿಗೆ ಬೇಕಾದದ್ದೇ ಅದು. ಇಕ್ಕಟ್ಟಾದರೆ ಎರಡೂ ತುದಿಯ ಪೆಟ್ಟಿಗೆಗಳನ್ನು 10 ಗಿಗಾಬಿಟ್‌ನವಕ್ಕೆ ಬದಲಿಸಬೇಕೇ ಹೊರತು ಗಾಜನ್ನಲ್ಲ. ಇಷ್ಟನ್ನೂ ಫೋನಿನಲ್ಲಿ ಹೇಳಿದೆ. "ದೂರು ದಾಖಲಾಗಿದೆ ಮೇಡಂ."

ಮೂರನೆಯ ದೂರಿಗೆ ಲೈನಿನ ಹುಡುಗ ಬಂದ. ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಹಚ್ಚಿದರೆ ಮೈನಸ್ 28.6 ಡಿಬಿಎಂ. "ಮೈನಸ್ 27ಕ್ಕಿಂತ ಕೆಳಗಿಳಿದರೆ ಈ ಪೆಟ್ಟಿಗೆಗೆ ಹಿಡಿತ ಸಿಗುವುದಿಲ್ಲ ಅಕ್ಕಾ" ಎಂದವನೇ ಕೇಬಲಿನ ಜಾಡು ಹಿಡಿದು ಮೆಟ್ಟಿಲು ಹತ್ತಿದ. ಮಹಡಿಯಲ್ಲಿ ಜೋತಾಡುತ್ತಿದ್ದ ಕೇಬಲನ್ನು ನಮ್ಮ ಅತ್ತೆಯವರು ಬಟ್ಟೆ ಹಗ್ಗದ ಮೊಳೆಗೆ ಎರಡು ಸುತ್ತು ಬಿಗಿದು ಅಚ್ಚುಕಟ್ಟು ಮಾಡಿದ್ದರು! ಅಂಥ ಕಿರಿದಾದ ತಿರುವಿನಲ್ಲಿ ಬೆಳಕು ಗಾಜಿನಿಂದ ಸೋರಿಹೋಗುತ್ತದೆ. ತರಂಗಾಂತರ ಉದ್ದವಾದಷ್ಟೂ ಸೋರಿಕೆ ಹೆಚ್ಚು. ಹಾಗಾಗಿ ಬರುವ 1490 ಮೊದಲು ಸೊರಗಿತ್ತು. ಬಿಚ್ಚಿ, ತಟ್ಟೆಯಗಲಕ್ಕೆ ಸುತ್ತಿ ನೇತುಹಾಕಿದ: ಮೈನಸ್ 20.3. ದೀಪ ಹಸಿರಾಯಿತು. ಹಣ ಕೇಳಲಿಲ್ಲ, ಎರಡು ಮಿರ್ಚಿ, ಒಂದು ಚಹಾಕ್ಕೆ ಮಾತ್ರ ಬೇಡವೆನ್ನಲಿಲ್ಲ.

ಹುಡುಗನಿಗೆ ಐದು ನಕ್ಷತ್ರ, ಸಹಾಯವಾಣಿಗೆ ಒಂದು. ಸರಾಸರಿ ಮೂರು ಎಂದಿಟ್ಟುಕೊಳ್ಳಿ. ಹಾಕಿಸುವವರು ಮೊದಲ ದಿನವೇ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಬಟ್ಟೆ ಹಗ್ಗ ಎಲ್ಲಿ ಕಟ್ಟಿದ್ದಾರೆ ಎಂಬುದನ್ನೂ ನೋಡಿಕೊಳ್ಳಿ.