ಶಿರಸಿಯ ಎರಡನೇ ಹಂತದ ಹೊಲಿಗೆ ತರಗತಿ: ಮೂರು ತಿಂಗಳು ಕಲಿತು ಬಂದವಳ ಅನಿಸಿಕೆ

ಮಷಿನ್ ತುಳಿಯಲು ಬರುತ್ತದೆ, ಸೀರೆಗೆ ಫಾಲ್ ಹಚ್ಚಲು, ಲಂಗಕ್ಕೆ ಲಾಡಿ ಕೂರಿಸಲು, ದಿಂಬಿನ ಚೀಲ ಹೊಲಿಯಲು ಬರುತ್ತದೆ, ಆದರೆ ತನ್ನ ರವಿಕೆಯನ್ನು ತಾನೇ ಹೊಲಿದುಕೊಂಡರೆ ಕೈ ಎತ್ತಿದ ಕೂಡಲೇ ರವಿಕೆಯೂ ಜೊತೆಗೆ ಮೇಲೇರುತ್ತದೆ ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹಲವು ವರ್ಷ ಅದೇ ಸ್ಥಿತಿಯಲ್ಲಿದ್ದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಜಾತ್ರೆಯ ಮುಂಚಿನ ವಾರಗಳಲ್ಲಿ ಶಿರಸಿಯ ಯಾವ ಟೈಲರೂ ಹೊಸ ಬಟ್ಟೆ ಹಿಡಿಯುವುದಿಲ್ಲವೆಂಬುದು ಇಲ್ಲಿಯವರಿಗೆಲ್ಲ ಗೊತ್ತಿರುವ ಸಂಗತಿ; ಹಾಗೆ ಒಮ್ಮೆ ಬರಿಗೈಯಲ್ಲಿ ಮರಳಿ ಬಂದ ಮೇಲೆ, ಕಳೆದ ಮಳೆಗಾಲದಲ್ಲಿ ಪೇಟೆಯ ಒಂದು ಮಹಡಿಯ ಮೇಲೆ ನಡೆಯುವ ಎರಡನೇ ಹಂತದ ತರಗತಿಗೆ ಹೆಸರು ಕೊಟ್ಟೆ. ಲೋಪಗಳನ್ನೂ ಬರೆಯಬೇಕಾಗಿರುವುದರಿಂದ ತರಗತಿಯ ಹೆಸರನ್ನು ಬಿಟ್ಟಿದ್ದೇನೆ.

ತರಗತಿ ಮೂರು ತಿಂಗಳದ್ದು, ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ತಾಸು. ಶುಲ್ಕ 4,500 ರೂಪಾಯಿ. ಬಟ್ಟೆ, ನೂಲು, ಖಾಕಿ ಕಾಗದ, ಕತ್ತರಿ ಎಲ್ಲವೂ ನಮ್ಮವೇ ಆಗಬೇಕು, ಸಿ.ಪಿ. ಬಜಾರಿಗೆ ಹೋಗಿ ಅವನ್ನೆಲ್ಲ ಒಟ್ಟು ಮಾಡುವಷ್ಟರಲ್ಲಿ ನನಗೆ ಇನ್ನೂ ಸಾವಿರದ ಮುನ್ನೂರು ರೂಪಾಯಿ ಖರ್ಚಾಯಿತು. ಇದನ್ನು ಸೇರುವಾಗಲೇ ತಿಳಿಸಿದ್ದರೆ ಚೆನ್ನಾಗಿತ್ತು.

ಮೊದಲ ಹದಿನೈದು ದಿನ ಮಷಿನ್ ಮುಟ್ಟಲು ಬಿಡಲಿಲ್ಲ. ಕಲಿಸುವವರು, ನಾವೆಲ್ಲ ಕರೆಯುತ್ತಿದ್ದಂತೆ ಅಕ್ಕೋರು, ಟೇಪು ಮತ್ತು ಪೆನ್ಸಿಲ್ ಬಿಟ್ಟು ಬೇರೇನನ್ನೂ ಹಿಡಿಸಲಿಲ್ಲ. ನಮ್ಮಲ್ಲಿ ಕೆಲವರಿಗೆ ಇದು ಬೇಸರ ತಂದಿತು. ಒಬ್ಬರು ಎರಡನೇ ವಾರಕ್ಕೇ ಬರುವುದನ್ನು ನಿಲ್ಲಿಸಿದರು. ಈ ತರಗತಿಯ ನಿಜವಾದ ಬೆಲೆ ಇರುವುದು ಆ ಹದಿನೈದು ದಿನಗಳಲ್ಲೇ ಎಂದು ನಾನು ಈಗ ಹೇಳಬಲ್ಲೆ. ಎದೆಸುತ್ತು 36 ಇಂಚಾದರೆ ನಾಲ್ಕನೇ ಒಂದು ಭಾಗ 9, ಅದಕ್ಕೆ ಇಷ್ಟು ಸಡಿಲ, ಇಷ್ಟು ಮಾರ್ಜಿನ್ ಎಂಬ ಲೆಕ್ಕವನ್ನು ಯಾವ ಪುಸ್ತಕದಲ್ಲಿಯೂ ಓದಬಹುದು, ಮೊಬೈಲಿನಲ್ಲಿಯೂ ನೋಡಬಹುದು. ಆದರೆ ಆ ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಎದುರಿಗೆ ನಿಂತ ದೇಹದ ಮೇಲೆ ತೋರಿಸಿಕೊಡಲು ಒಬ್ಬ ಮನುಷ್ಯರೇ ಬೇಕು.

ನನ್ನದೇ ಉದಾಹರಣೆ ಕೊಡುತ್ತೇನೆ. ಕಂಕುಳಲ್ಲಿ ಬಿಗಿ ಎನಿಸಿದರೆ ತೋಳು ಕೂರುವ ಆ ಸುತ್ತನ್ನು ಕೆಳಗೆ ಇನ್ನಷ್ಟು ಕೆತ್ತಬೇಕು ಎಂದೇ ನಾನು ತಿಳಿದಿದ್ದೆ, ಹಾಗೆಯೇ ಮಾಡುತ್ತ ಬಂದಿದ್ದೆ. ಅಕ್ಕೋರು ನನ್ನ ಹಳೆಯ ರವಿಕೆಯೊಂದನ್ನು ನನಗೇ ತೊಡಿಸಿ, ಕೈ ಎತ್ತಲು ಹೇಳಿ, ಪಕ್ಕದ ಹೊಲಿಗೆಯ ಮೇಲೆ ಬೆರಳಿಟ್ಟರು. ಕಂಕುಳ ಸುತ್ತು ಕೆಳಗೆ ಇಳಿದಷ್ಟೂ ತೋಳಿನ ಒಳಮಗ್ಗುಲಿನ ಉದ್ದ ಕಡಿಮೆಯಾಗುತ್ತದೆ, ಕೈ ಎತ್ತಿದಾಗ ಆ ಕೊರತೆಯನ್ನು ತುಂಬಲು ಪಕ್ಕದ ಬಟ್ಟೆಯೇ ಮೇಲೆ ಬರಬೇಕಾಗುತ್ತದೆ. ಬಿಗಿಯಿದ್ದದ್ದು ಮುಂಭಾಗದ ತಿರುವಿನಲ್ಲಿ. ನಾನು ಕೆತ್ತುತ್ತಿದ್ದದ್ದು ತಳದಲ್ಲಿ. ಮುಂಭಾಗದಲ್ಲಿ ಕಾಲಿಂಚು ಒಳಗೆ ತಿರುಗಿಸಿ, ತಳವನ್ನು ಮುಕ್ಕಾಲು ಇಂಚು ಮೇಲೆ ತಂದು, ಕೋರಾ ಬಟ್ಟೆಯಲ್ಲಿ ಕಚ್ಚಾ ಹೊಲಿದು ತೊಟ್ಟು ನೋಡಿದಾಗ ಕೈ ಎತ್ತಿದರೂ ರವಿಕೆ ಇದ್ದಲ್ಲಿಯೇ ಇತ್ತು. ಇಷ್ಟು ವರ್ಷ ಎಷ್ಟು ಬಟ್ಟೆ ಹಾಳುಮಾಡಿದೆನೆಂದು ಆಗ ಲೆಕ್ಕ ಹಾಕಲು ಹೋಗಲಿಲ್ಲ.

ಅದೇ ದಿನ ಗೊತ್ತಾದ ಇನ್ನೊಂದು ವಿಷಯವೆಂದರೆ ನನ್ನ ಬಲ ಹೆಗಲು ಎಡಕ್ಕಿಂತ ಅರ್ಧ ಇಂಚು ಇಳಿದಿದೆ ಎಂಬುದು. ಕುತ್ತಿಗೆಯ ಬಲಭಾಗ ಯಾವಾಗಲೂ ಜಾರುತ್ತಿದ್ದುದಕ್ಕೆ ನಾನು ನನ್ನ ಕತ್ತರಿಯನ್ನು ದೂರುತ್ತಿದ್ದೆ. ಎರಡೂ ಹೆಗಲುಗಳನ್ನು ಬೇರೆಬೇರೆ ಅಳೆದು, ಕಾಗದದ ಮೇಲೆ ಬೇರೆಬೇರೆ ಗೆರೆ ಎಳೆಯುವ ಪದ್ಧತಿ ಇಲ್ಲಿದೆ. ಅಂಗಡಿಯ ಟೈಲರ್‌ಗೆ ಇಷ್ಟಕ್ಕೆಲ್ಲ ಪುರುಸೊತ್ತು ಎಲ್ಲಿಂದ ಬರಬೇಕು?

ನನ್ನ ಅತ್ತೆಯವರಿಗೆ ಬೆನ್ನು ಬಾಗಿದೆ. ಅವರ ರವಿಕೆಗಳು ಹಿಂದೆ ಎತ್ತಿ ಹಿಡಿದಂತೆ, ಮುಂದೆ ಜೋತುಬಿದ್ದಂತೆ ಕಾಣುತ್ತಿದ್ದವು. ವಯಸ್ಸಾದವರಿಗೆ ಹೀಗೆಯೇ ಎಂದು ಮನೆಯವರೆಲ್ಲ ಒಪ್ಪಿಕೊಂಡಿದ್ದೆವು. ಬಾಗಿದ ಬೆನ್ನಿಗೆ ಹಿಂಭಾಗದ ಉದ್ದ ಹೆಚ್ಚು ಬೇಕು, ಮುಂಭಾಗದ್ದು ಕಡಿಮೆ ಸಾಕು ಎಂಬ ಸರಳ ಸಂಗತಿಯನ್ನು, ಹಿಂಭಾಗದ ಕಾಗದವನ್ನು ಬೆನ್ನು ಹೆಚ್ಚು ಉಬ್ಬಿರುವ ಎತ್ತರದಲ್ಲಿ ಅಡ್ಡಕ್ಕೆ ಸೀಳಿ, ಮುಕ್ಕಾಲು ಇಂಚು ಅಗಲಿಸಿ, ನಡುವೆ ಬೇರೆ ಕಾಗದ ಅಂಟಿಸಿ ಅಕ್ಕೋರು ತೋರಿಸಿಕೊಟ್ಟರು. ಅತ್ತೆಯವರು ಹೊಸ ರವಿಕೆ ತೊಟ್ಟು ಕನ್ನಡಿಯ ಮುಂದೆ ನಿಂತವರು ಏನೂ ಹೇಳಲಿಲ್ಲ, ಮರುದಿನ ಇನ್ನೂ ಎರಡು ರವಿಕೆ ಖಣಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು.

ಆ ಬಳಿಕದ ಪಾಠಗಳು ತೋಳು ಕೂರಿಸುವುದು, ಪ್ರಿನ್ಸೆಸ್ ಕಟ್, ಕಟೋರಿ (ಎದೆಯ ಭಾಗವನ್ನು ಬಟ್ಟಲಿನಂತೆ ಬೇರೆ ಕತ್ತರಿಸಿ ಜೋಡಿಸುವುದು), ಲೈನಿಂಗ್, ಅಂಚಿಗೆ ಪೈಪಿಂಗ್ ಪಟ್ಟಿ. ತೋಳಿನ ತಲೆಭಾಗ ಕಂಕುಳ ಸುತ್ತಿಗಿಂತ ತುಸು ಹೆಚ್ಚಿರಬೇಕು, ಆ ಹೆಚ್ಚಿನ ಭಾಗವನ್ನು ನಿರಿಗೆ ಕಾಣದಂತೆ ಕಚ್ಚಾ ಹೊಲಿಗೆಯಲ್ಲಿ ಹಿಡಿದು ಒಳಗೆ ಸೇರಿಸಬೇಕು. ಇದಕ್ಕೇ ನಾಲ್ಕು ದಿನ ಹೋಯಿತು, ಹೋದದ್ದು ಸರಿಯೇ. ತೋಳಿನ ಮುಂಭಾಗದ ತಿರುವು ಹಿಂಭಾಗಕ್ಕಿಂತ ಆಳವಾಗಿರುತ್ತದೆಂಬುದನ್ನು ಮರೆತು ಎರಡು ತೋಳನ್ನೂ ಎಡಗೈಗೇ ಕತ್ತರಿಸಿದವಳು ತಂಡದಲ್ಲಿ ನಾನೊಬ್ಬಳೇ ಅಲ್ಲ ಎಂಬುದು ಸಮಾಧಾನ. ಪ್ರಿನ್ಸೆಸ್ ಕಟ್ಟಿನಲ್ಲಿ ಡಾರ್ಟ್, ಅಂದರೆ ಬಟ್ಟೆ ಮೈಗೆ ಹೊಂದಲೆಂದು ಹೊಲಿಯುವ, ಟೈಲರುಗಳು ಟಕ್ಸ್ ಎನ್ನುವ ಮಡಿಕೆ, ಕಾಣೆಯಾಗುವುದಿಲ್ಲ, ಕಂಕುಳಿನಿಂದಲೋ ಹೆಗಲಿನಿಂದಲೋ ಇಳಿದು ಸೊಂಟದವರೆಗೆ ಹೋಗುವ ಜೋಡಣೆಯ ಒಳಗೇ ಕರಗಿರುತ್ತದೆ ಎಂಬುದನ್ನು ಅಕ್ಕೋರು ಕಾಗದ ಮಡಿಸಿ ತೋರಿಸಿದಾಗ, ಚಿತ್ರ ನೋಡಿ ತಿಂಗಳುಗಟ್ಟಲೆ ಅರ್ಥವಾಗದಿದ್ದುದು ಅರ್ಧ ತಾಸಿನಲ್ಲಿ ತಿಳಿಯಿತು.

ಬಟ್ಟೆಯ ವಿಚಾರದಲ್ಲಿ ಅವರು ಬಹಳ ಕಟ್ಟುನಿಟ್ಟು. ಹತ್ತಿಯ ಬಟ್ಟೆಯನ್ನೂ ಅದರ ಲೈನಿಂಗನ್ನೂ ಕತ್ತರಿಸುವ ಮೊದಲು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿರಲೇಬೇಕು. ಶಿರಸಿಯ ಆಷಾಢದಲ್ಲಿ ಬಟ್ಟೆ ಒಣಗುವುದೆಂದರೆ ಒಲೆಯ ಮೇಲಿನ ಅಟ್ಟವೇ ಗತಿ, ಆದ್ದರಿಂದ ನಾನು ಒಮ್ಮೆ ಕಳ್ಳಾಟವಾಡಿ ಲೈನಿಂಗನ್ನು ನೆನೆಸದೆ ತಂದೆ. ಮೊದಲ ಒಗೆತಕ್ಕೇ ಒಳಬಟ್ಟೆ ಕುಗ್ಗಿ, ಗುಳೇದಗುಡ್ಡದ ಖಣದ ಹೊರಬಟ್ಟೆ ಬೆನ್ನಿನ ಮೇಲೆ ಹಪ್ಪಳದಂತೆ ಉಬ್ಬಿಕೊಂಡಿತು. ಖಣದ ಅಗಲ ಮೊದಲೇ ಕಡಿಮೆ, ಬದಲಿಸಲು ಚೂರೂ ಉಳಿದಿರಲಿಲ್ಲ.

ಮಷಿನ್ ರಿಪೇರಿ ಕಲಿಸುತ್ತೇವೆ ಎಂದು ಇವರು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ, ಆದರೆ ಕಲಿಸುತ್ತಾರೆ. ಬಟ್ಟೆಯ ಅಡಿಯಲ್ಲಿ ನೂಲು ಗುಂಜು ಕಟ್ಟಿದರೆ ನಾವೆಲ್ಲ ಅಡಿಯ ನೂಲಿನ ಸುರುಳಿ ಬಾಬಿನ್ನನ್ನು ಶಪಿಸುತ್ತೇವೆ, ತಪ್ಪು ಸಾಮಾನ್ಯವಾಗಿ ಮೇಲಿನ ನೂಲಿನ ಟೆನ್ಶನ್ನಿನಲ್ಲಿಯೋ ನೂಲು ಪೋಣಿಸಿದ ದಾರಿಯಲ್ಲಿಯೋ ಇರುತ್ತದೆ. ಬಾಬಿನ್ ಕೇಸನ್ನು ನೂಲಿನಲ್ಲಿ ತೂಗಾಡಿಸಿದಾಗ ತಾನಾಗಿ ಜಾರದೆ, ಸಣ್ಣಗೆ ಕುಲುಕಿದಾಗ ಮಾತ್ರ ತುಸು ಇಳಿಯಬೇಕು. ರೇಷ್ಮೆಗೆ 11ನೇ ನಂಬರಿನ ಸೂಜಿ, ಸಾಮಾನ್ಯ ಹತ್ತಿಗೆ 14, ಜೀನ್ಸ್‌ಗೆ 16. ಮಳೆಗಾಲದಲ್ಲಿ ಸೂಜಿಯನ್ನು ಮಷಿನ್ನಿನಲ್ಲಿಯೇ ಬಿಟ್ಟರೆ ತುಕ್ಕು ಹಿಡಿದು ಬಿಳಿ ಬಟ್ಟೆಯ ಮೇಲೆ ಚುಕ್ಕೆ ಬೀಳುತ್ತದೆಂದು ಪ್ರತಿದಿನ ಬಿಚ್ಚಿಸಿ, ಎಣ್ಣೆಯ ಬಟ್ಟೆಯಲ್ಲಿ ಸುತ್ತಿಡಿಸುತ್ತಿದ್ದರು.

ಇನ್ನು ದೂರುಗಳು. ಹನ್ನೊಂದು ಜನರಿಗೆ ಇದ್ದದ್ದು ಆರು ಮಷಿನ್, ಅದರಲ್ಲಿ ಎರಡು ಮೋಟರಿನವು. ಮಳೆಗೆ ಕರೆಂಟ್ ಹೋದಾಗ ಉಳಿಯುತ್ತಿದ್ದದ್ದು ಕಾಲಿನಲ್ಲಿ ತುಳಿಯುವ ನಾಲ್ಕು. ಎರಡನೇ ತಿಂಗಳಲ್ಲಿ ನನ್ನ ಎಷ್ಟೋ ದಿನಗಳ ಅರ್ಧ ಹೊತ್ತು ಸರದಿ ಕಾಯುವುದರಲ್ಲಿಯೇ ಕಳೆಯಿತು. ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮಷಿನ್ ಒಂದೇ, ಅದೂ ಎರಡು ವಾರ ಕೆಟ್ಟು ಕೂತಿತ್ತು, ಆ ದಿನಗಳ ಬದಲಿಗೆ ಹೆಚ್ಚಿನ ತರಗತಿ ಕೊಡಲಿಲ್ಲ. ಎಲ್ಲಕ್ಕಿಂತ ದೊಡ್ಡ ಲೋಪ ಕೊನೆಯ ತಿಂಗಳದ್ದು: ಕಾಲರ್ ಇರುವ ಕುರ್ತಾ ಮತ್ತು ಓರೆ ಬಟ್ಟೆಯಲ್ಲಿ ಕತ್ತರಿಸುವ ಚೂಡಿದಾರ್ ಪ್ಯಾಂಟ್ ಎಂದು ಪಟ್ಟಿಯಲ್ಲಿ ಬರೆದಿದ್ದ ಎರಡೂ ಪಾಠಗಳನ್ನು ಒಟ್ಟು ಮೂರು ದಿನಗಳಲ್ಲಿ ಮುಗಿಸಿಬಿಟ್ಟರು. ಕಾಲರಿನ ಬಗ್ಗೆ ನನಗೆ ಇಂದಿಗೂ ಧೈರ್ಯವಿಲ್ಲ. ಕೇಳಿದಾಗ, ರವಿಕೆ ಸರಿಯಾಗಿ ಬಂದವರಿಗೆ ಉಳಿದದ್ದು ತಾನಾಗಿ ಬರುತ್ತದೆ ಎಂಬ ಉತ್ತರ ಸಿಕ್ಕಿತು; ಆ ಮಾತನ್ನು ನಾನು ಒಪ್ಪುವುದಿಲ್ಲ.

ಪ್ರಮಾಣಪತ್ರಕ್ಕಾಗಿ ಸೇರುವವರಿಗೂ ಒಂದು ಮಾತು. ನಮ್ಮ ತಂಡದಲ್ಲಿ ಇಬ್ಬರು ಕುಶಲಕರ್ಮಿಗಳಿಗಾಗಿ ಇರುವ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಗೆ ಅನುಕೂಲವಾದೀತು ಎಂಬ ಎಣಿಕೆಯಿಂದ ಬಂದಿದ್ದರು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಆ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಉಪಕರಣಗಳಿಗೆಂದು 15,000 ರೂಪಾಯಿವರೆಗಿನ ನೆರವೂ ಇದೆ; ಆದರೆ ಅದರ ತರಬೇತಿಯನ್ನು ಯೋಜನೆಯೇ ಬೇರೆಯಾಗಿ ಕೊಡುತ್ತದೆ. ಈ ತರಗತಿಯ ಕಾಗದವನ್ನು ಅದರ ಜೊತೆ ಗಂಟುಹಾಕಿಕೊಳ್ಳಬೇಡಿ.

ಮಷಿನ್ ಮುಟ್ಟಿಯೇ ಗೊತ್ತಿಲ್ಲದವರು ಇಲ್ಲಿಗೆ ಬಂದರೆ ಕಷ್ಟಪಡುತ್ತಾರೆ. ಅಂಗಡಿ ಇಟ್ಟು ದಿನಕ್ಕೆ ನಾಲ್ಕಾರು ರವಿಕೆ ಇಳಿಸಬೇಕೆನ್ನುವವರಿಗೆ ಬೇಕಾದ ವೇಗವನ್ನೂ ಇಲ್ಲಿ ಕಲಿಸುವುದಿಲ್ಲ. ಮನೆಯ ನಾಲ್ಕು ಜನರ ಮೈಗೆ ಒಪ್ಪುವಂತೆ ಹೊಲಿಯಬೇಕು ಎನ್ನುವವರು ಧಾರಾಳವಾಗಿ ಸೇರಬಹುದು, ಆದರೆ ಹಣ ಕಟ್ಟುವ ಮೊದಲು ತಂಡದಲ್ಲಿ ಎಷ್ಟು ಜನ, ನಡೆಯುತ್ತಿರುವ ಮಷಿನ್ ಎಷ್ಟು ಎಂದು ಮೇಲೆ ಹತ್ತಿ ಎಣಿಸಿ ನೋಡಿಕೊಳ್ಳಿ. ಮೊದಲ ದಿನ ಹೋಗುವಾಗ ನಿಮಗೆ ಸರಿಯಾಗಿ ಕೂರದ ಹಳೆಯ ರವಿಕೆಯೊಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಅಕ್ಕೋರು ಅದರ ಹೊಲಿಗೆಯನ್ನು ಅಲ್ಲಿಯೇ ಬಿಚ್ಚಿಸುತ್ತಾರೆ.