ರೆವಾಕ್ಸ್ ಎ77 ಕೊಳ್ಳಬೇಕೋ, ಅಕಾಯ್ ಜಿಎಕ್ಸ್-4000ಡಿ ಸಾಕೋ?

ಎರಡೂ ರೀಲಿಗೆ ಸುತ್ತಿದ ಟೇಪನ್ನು ನುಡಿಸುವ ಹಳೆಯ ಟೇಪ್ ರೆಕಾರ್ಡರ್‌ಗಳು. ನಿಮ್ಮ ಸಂಗ್ರಹದಲ್ಲಿ 7 ಇಂಚಿನ ರೀಲುಗಳಷ್ಟೇ ಇದ್ದರೆ ಜಪಾನಿನ ಅಕಾಯ್ ಸಾಕು. ಒಂದೇ ಮೋಟಾರಿನ ಯಂತ್ರ ನಿಜ, ಆದರೆ ಅದರ ಗಾಜು-ಫೆರೈಟ್ ಹೆಡ್ (ಟೇಪಿನಲ್ಲಿರುವ ಧ್ವನಿಯನ್ನು ಓದುವ ಭಾಗ) ಸುಲಭಕ್ಕೆ ಸವೆಯುವಂಥದ್ದಲ್ಲ. ಹಣ ಕೊಡುವ ಮುನ್ನ ಕ್ಯಾಪ್‌ಸ್ಟನ್, ಅಂದರೆ ತಿರುಗುತ್ತಾ ಟೇಪನ್ನು ಎಳೆಯುವ ಕಂಬಿಯ ಮೇಲೆ ಕೂರುವ ಪುಟ್ಟ ಲೋಹದ ಕೊಳವೆ ಇದೆಯೇ ನೋಡಿಕೊಳ್ಳಿ. ಸೆಕೆಂಡಿಗೆ 7½ ಇಂಚಿನ ವೇಗ ಸಿಗುವುದು ಅದರಿಂದಲೇ; ಕೈತಪ್ಪಿ ಕಳೆದುಹೋಗುವುದೂ ಅದೇ.

1967ರಲ್ಲಿ ಬಂದ ಸ್ವಿಟ್ಜರ್ಲೆಂಡಿನ ರೆವಾಕ್ಸ್ ಗಟ್ಟಿ ಕುಳ: ಮೂರು ಮೋಟಾರು, 10½ ಇಂಚಿನ ರೀಲಿಗೂ ಜಾಗ. ಸಾಕುವ ಖರ್ಚೂ ಹಾಗೆಯೇ. ಹಳೆಯ ಕೆಪಾಸಿಟರ್‌ಗಳನ್ನು ಬದಲಿಸದೆ ವಿದ್ಯುತ್ ಕೊಟ್ಟರೆ ಹೊಗೆ ಕಾರಬಹುದು, ಹೆಡ್‌ಗಳ ಸವೆತವನ್ನೂ ಪರೀಕ್ಷಿಸಬೇಕು. ಇನ್ನೊಂದು ತೊಡಕು, ಇದರಲ್ಲಿ ಎರಡು ಟ್ರ್ಯಾಕ್ ಮತ್ತು ನಾಲ್ಕು ಟ್ರ್ಯಾಕ್ ಎಂಬ ಬೇರೆ ಬೇರೆ ಬಗೆಗಳಿವೆ; ಟ್ರ್ಯಾಕ್ ಎಂದರೆ ಟೇಪಿನುದ್ದಕ್ಕೂ ಧ್ವನಿ ದಾಖಲಾಗುವ ಪಟ್ಟಿ. 1960ರ ದಶಕದಿಂದ ಕಂಪನಿಗಳು ಮಾರಿದ ಸ್ಟೀರಿಯೊ ಸಂಗೀತದ ಟೇಪುಗಳು ಬಹುಪಾಲು ನಾಲ್ಕು ಟ್ರ್ಯಾಕಿನವು, ಬದಿಗೆ ಎರಡರಂತೆ. ಅವನ್ನು ಎರಡು ಟ್ರ್ಯಾಕಿನ ಯಂತ್ರಕ್ಕೆ ಹಾಕಿದರೆ ಹಾಡಿನ ಜೊತೆಗೇ ಇನ್ನೊಂದು ಬದಿಯ ಹಾಡು ಹಿಂದುಮುಂದಾಗಿ ಕೇಳುತ್ತದೆ. ಯಂತ್ರ ಎಷ್ಟು ಟ್ರ್ಯಾಕಿನದೆಂದು ಜಾಹೀರಾತಿನಲ್ಲಿ ಬರೆದಿಲ್ಲವಾದರೆ ಕೇಳದೆ ಮುಂಗಡ ಕೊಡಬೇಡಿ.

ನುರಿತ ಮೆಕ್ಯಾನಿಕ್ ಹತ್ತಿರದಲ್ಲಿದ್ದರೆ ನಾಲ್ಕು ಟ್ರ್ಯಾಕಿನ ರೆವಾಕ್ಸ್ ಎನ್ನುತ್ತೇನೆ. ಇಲ್ಲವಾದರೆ ಅಕಾಯ್, ಉಳಿದ ಹಣಕ್ಕೆ ಟೇಪುಗಳು.